ಕಲ್ಪತರು ನಾಡಿನ ರಸ್ತೆ ಸಾವುಗಳು

ತೆಂಗಿನ ಬುಡಕ್ಕೆ ಅಣಬೆ ರೋಗ ಹತ್ತಿದರೆ ನಮ್ಮ ಸೀಮೆಯ ರೈತ ಅದನ್ನು ಹಣೆಬರಹವೆಂದು ಒಪ್ಪಿ ಕೈಕಟ್ಟಿ ಕೂರುವುದಿಲ್ಲ. ರೋಗ ಬಿದ್ದ ಮರದ ಸುತ್ತ ಕಂದಕ ತೋಡುತ್ತಾನೆ, ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯುತ್ತಾನೆ, ಬೇವಿನ ಹಿಂಡಿ ಹಾಕುತ್ತಾನೆ, ಪಕ್ಕದ ತೋಟದವನನ್ನೂ ಎಚ್ಚರಿಸುತ್ತಾನೆ. ಅದೇ ರೈತನ ಇಪ್ಪತ್ತೆರಡು ವರ್ಷದ ಮಗ ಸಂಜೆ ಪೇಟೆಯಿಂದ ಬೈಕಿನಲ್ಲಿ ಹಿಂದಿರುಗುವಾಗ ಲಾರಿಗೆ ಸಿಕ್ಕಿ ಸತ್ತರೆ ಮಾತ್ರ, ಇಡೀ ಊರು ‘ಅವನ ಆಯಸ್ಸು ಅಷ್ಟೇ ಇತ್ತು’ ಎಂದು ಮಣ್ಣು ಮಾಡಿ ಬರುತ್ತದೆ. ಮರದ ಸಾವಿಗೆ ಕಾರಣ ಹುಡುಕುವ ನಾವು ಮಗನ ಸಾವಿಗೆ ಕಾರಣ ಹುಡುಕುವುದಿಲ್ಲ. ಹುಡುಕಿದರೂ ಒಬ್ಬ ಚಾಲಕನ ಹೆಸರಿಗೆ ಬಂದು ನಿಲ್ಲುತ್ತೇವೆ.

ಬೆಳೆ, ಮಣ್ಣು, ಕೀಟಗಳ ಬಗೆಗೆ ಬರೆಯಬೇಕಾದವನು ರಸ್ತೆಯ ಬಗೆಗೆ ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಹಳ್ಳಿಗಳಲ್ಲಿ ದುಡಿಯುವ ವಯಸ್ಸಿನವರನ್ನು ಕಸಿದುಕೊಳ್ಳುತ್ತಿರುವ ಪಿಡುಗುಗಳಲ್ಲಿ ಇದು ಮುಂಚೂಣಿಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ರಸ್ತೆಗಳಲ್ಲಿ ಸತ್ತವರು ಸುಮಾರು 11.9 ಲಕ್ಷ. ಈ ಸಾವುಗಳಲ್ಲಿ ನೂರಕ್ಕೆ 92 ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಾದವು. ಆ ದೇಶಗಳಲ್ಲಿರುವ ವಾಹನಗಳಾದರೋ ಜಗತ್ತಿನ ಒಟ್ಟು ವಾಹನಗಳ ನೂರಕ್ಕೆ 60ರಷ್ಟು ಮಾತ್ರ. ಐದರಿಂದ ಇಪ್ಪತ್ತೊಂಬತ್ತು ವಯಸ್ಸಿನವರ ಸಾವಿಗೆ ಕಾರಣಗಳಲ್ಲಿ ಮೊದಲನೆಯದು ಇದೇ. ನಮ್ಮ ದೇಶದಲ್ಲಿ 2022ರಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರು. ಕರ್ನಾಟಕವೊಂದರಲ್ಲೇ 11,702 ಜನ, ಅಂದರೆ ದಿನಕ್ಕೆ ಮೂವತ್ತೆರಡು ಮಂದಿ. ದೇಶದಲ್ಲಿ ಸತ್ತವರ ಪೈಕಿ ಮೂರರಲ್ಲಿ ಎರಡು ಪಾಲು 18ರಿಂದ 45ರ ನಡುವಿನವರು. ಹೆಚ್ಚಿನ ಸಾವುಗಳು ಸಂಭವಿಸಿದ್ದು ನಗರಗಳಲ್ಲಲ್ಲ, ಗ್ರಾಮಾಂತರ ಪ್ರದೇಶದಲ್ಲಿ. ಪ್ರವಾಹವೊಂದರಲ್ಲಿ ಮೂವತ್ತೆರಡು ಜನ ಕೊಚ್ಚಿಹೋದರೆ ವಿಧಾನಸಭೆಯಲ್ಲಿ ಗದ್ದಲವೇಳುತ್ತದೆ. ರಸ್ತೆಯಲ್ಲಿ ಅಷ್ಟೇ ಜನ ಪ್ರತಿದಿನ ಒಬ್ಬೊಬ್ಬರಾಗಿ ಬೇರೆಬೇರೆ ಊರುಗಳಲ್ಲಿ ಸಾಯುವುದರಿಂದ ಅದು ಯಾರಿಗೂ ಸುದ್ದಿಯಾಗುವುದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿ. ತುಮಕೂರಿನಿಂದ ಹೊನ್ನಾವರದತ್ತ ಸಾಗುವ ಹೆದ್ದಾರಿ ಗುಬ್ಬಿ, ನಿಟ್ಟೂರು ದಾಟಿ ತಿಪಟೂರಿನ ಮೂಲಕ ಅರಸೀಕೆರೆಗೆ ಹೋಗುತ್ತದೆ. ಬಳ್ಳಾರಿ ಕಡೆಯಿಂದ ಹಿರಿಯೂರು, ಹುಳಿಯಾರು ಹಾದು ಬರುವ 150ಎ ಹೆದ್ದಾರಿ ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಬಳಸಿ, ತುರುವೇಕೆರೆ, ನಾಗಮಂಗಲದ ಮೂಲಕ ಮೈಸೂರು ಸೇರುತ್ತದೆ. ಇವೆರಡೂ ಅಡ್ಡಹಾಯುವ ಕಿಬ್ಬನಹಳ್ಳಿ ಕ್ರಾಸ್ ನಮ್ಮೆಲ್ಲರಿಗೂ ಕೆ.ಬಿ. ಕ್ರಾಸ್. ಈ ಎರಡು ಗೆರೆಗಳ ಎರಡೂ ಬದಿಗೆ ತೆಂಗಿನ ತೋಟ, ತೋಟದ ನಡುವೆ ಹಳ್ಳಿ. ಹಳ್ಳಿಯ ಮನೆಗಳು ರಸ್ತೆಯ ಈಚೆಗಿದ್ದರೆ ತೋಟ, ಕೆರೆ, ಶಾಲೆ, ಡೇರಿಗಳಲ್ಲಿ ಒಂದಾದರೂ ಆಚೆಗಿರುತ್ತದೆ. ಹಾಲಿನ ಕ್ಯಾನು ಹಿಡಿದ ಹೆಂಗಸು, ಹಸು ಹೊಡೆದುಕೊಂಡು ಬರುವ ಮುದುಕ, ಮಟ್ಟೆ ತುಂಬಿದ ಟ್ರ್ಯಾಕ್ಟರು, ಶಾಲೆಯ ಮಕ್ಕಳು, ಎಲ್ಲರೂ ದಿನಕ್ಕೆ ನಾಲ್ಕಾರು ಬಾರಿ ಆ ಗೆರೆಯನ್ನು ದಾಟಲೇಬೇಕು. ಅದೇ ಗೆರೆಯ ಮೇಲೆ ದೂರದ ಊರಿನ ಕಾರು, ಲಾರಿ, ಬಸ್ಸುಗಳು ಈ ಹಳ್ಳಿಯೊಂದಿದೆಯೆಂಬುದನ್ನೇ ಅರಿಯದೆ ಓಡುತ್ತಿರುತ್ತವೆ.

ಇಂಥಲ್ಲಿ ಅಪಘಾತವಾದಾಗ ಠಾಣೆಯಲ್ಲಿ ಬರೆಯುವ ಮೊದಲ ವಾಕ್ಯ ಎಲ್ಲರಿಗೂ ಬಾಯಿಪಾಠವಾಗಿದೆ: ‘ಅತಿವೇಗ ಮತ್ತು ಅಜಾಗರೂಕತೆಯಿಂದ ವಾಹನ ಚಲಾಯಿಸಿ…’. ಹಿಂದೆ ದಂಡಸಂಹಿತೆಯ 279, 304ಎ ಕಲಮುಗಳಿದ್ದವು. 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 281, 106 ಬಂದಿವೆ. ಅಂಕಿ ಬದಲಾದರೂ ವಾಕ್ಯ ಬದಲಾಗಿಲ್ಲ. ಚಾಲಕನ ತಪ್ಪು ಇರುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. ಸರ್ಕಾರದ ವರದಿಯೇ 2022ರ ಸಾವುಗಳಲ್ಲಿ ನೂರಕ್ಕೆ 71ರಷ್ಟನ್ನು ಅತಿವೇಗದ ಲೆಕ್ಕಕ್ಕೆ ಹಾಕಿದೆ. ಆದರೆ ಆ ವೇಗಕ್ಕೆ ಆಹ್ವಾನ ಕೊಟ್ಟ ರಸ್ತೆಯನ್ನು ಯಾರು ವಿನ್ಯಾಸ ಮಾಡಿದರು, ಊರಿನ ನಡುವೆ ಹಾಯುವಾಗ ವೇಗ ತಗ್ಗಿಸುವ ಏರ್ಪಾಡು ಏಕಿರಲಿಲ್ಲ, ದೀಪವಿಲ್ಲದ ಲಾರಿಯನ್ನು ರಸ್ತೆಯಲ್ಲಿ ನಿಲ್ಲಿಸಲು ಯಾರು ಬಿಟ್ಟರು ಎಂಬ ಪ್ರಶ್ನೆಗಳಿಗೆ ಆ ನಮೂನೆಯಲ್ಲಿ ಜಾಗವಿಲ್ಲ. ಒಬ್ಬನನ್ನು ಬಂಧಿಸಿದೊಡನೆ ಕಡತ ಮುಚ್ಚುತ್ತದೆ. ಮುಂದಿನ ತಿಂಗಳು ಅದೇ ತಿರುವಿನಲ್ಲಿ ಇನ್ನೊಬ್ಬ ‘ಅಜಾಗರೂಕ’ ಹುಟ್ಟಿಕೊಳ್ಳುತ್ತಾನೆ.

ಸಸ್ಯರೋಗಶಾಸ್ತ್ರದ ಮೊದಲ ಪಾಠದಲ್ಲಿ ರೋಗ ತ್ರಿಕೋನವೆಂಬ ಚಿತ್ರವೊಂದನ್ನು ಬರೆಸುತ್ತಾರೆ. ಒಂದು ಮೂಲೆಯಲ್ಲಿ ರೋಗಾಣು, ಇನ್ನೊಂದರಲ್ಲಿ ಗಿಡ, ಮೂರನೆಯದರಲ್ಲಿ ಪರಿಸರ. ಮೂರೂ ಕೂಡಿದಾಗಲಷ್ಟೇ ರೋಗ. ಹಾಗಾಗಿ ತಡೆಯುವ ದಾರಿಯೂ ಮೂರು ಕಡೆಯಿಂದ ಇದೆ. ಅಮೆರಿಕದಲ್ಲಿ 1966ರಲ್ಲಿ ರಾಷ್ಟ್ರೀಯ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಮೊದಲ ಮುಖ್ಯಸ್ಥರಾದ ವೈದ್ಯ ವಿಲಿಯಂ ಹ್ಯಾಡನ್ ಇದೇ ವಿಚಾರವನ್ನು ರಸ್ತೆಗೆ ತಂದರು. ಅವರ ದೃಷ್ಟಿಯಲ್ಲಿ ಇಲ್ಲಿನ ರೋಗಾಣು ವೇಗದಲ್ಲಿ ಅಡಗಿದ ಶಕ್ತಿ. ಮನುಷ್ಯನ ದೇಹ ತಾಳಬಲ್ಲದ್ದಕ್ಕಿಂತ ಹೆಚ್ಚಿನ ಶಕ್ತಿ ಒಮ್ಮೆಗೇ ಅವನ ಮೇಲೆ ಬಿದ್ದರೆ ಗಾಯ, ಸಾವು. ಡಿಕ್ಕಿಗೆ ಮೊದಲು, ಡಿಕ್ಕಿಯ ಗಳಿಗೆಯಲ್ಲಿ, ಡಿಕ್ಕಿಯ ನಂತರ ಎಂಬ ಮೂರು ಹಂತಗಳಲ್ಲೂ ಮನುಷ್ಯ, ವಾಹನ, ರಸ್ತೆ ಮೂರನ್ನೂ ತಿದ್ದಬಹುದೆಂದು ಅವರು ತೋರಿಸಿದರು. ಮನುಷ್ಯನೊಬ್ಬನನ್ನೇ ಬೈಯುವುದು ಆ ಒಂಬತ್ತು ಮನೆಗಳಲ್ಲಿ ಒಂದಕ್ಕೆ ಮಾತ್ರ ಔಷಧ ಹೊಡೆದಂತೆ.

ನಮ್ಮ ದೇಶದಲ್ಲಿ ಈ ಬಗೆಯ ಚಿಂತನೆಗೆ ದುಡಿದವರು ದೆಹಲಿ ಐಐಟಿಯ ಪ್ರಾಧ್ಯಾಪಕ ದಿನೇಶ್ ಮೋಹನ್. 2021ರ ಮೇ ತಿಂಗಳಲ್ಲಿ ಕೊರೊನಾ ಅವರನ್ನು ಬಲಿ ತೆಗೆದುಕೊಂಡಿತು. ರಸ್ತೆ ಸುರಕ್ಷತೆಯ ವಿದ್ವಾಂಸರೆಂದೇ ಅವರು ಪ್ರಸಿದ್ಧರಾದರೂ, ಉತ್ತರ ಭಾರತದ ಹಳ್ಳಿಗಳಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು, ಕೈ ಕಳೆದುಕೊಂಡವರನ್ನು ಕುರಿತು ಅವರು ಮಾಡಿದ ಕೆಲಸ ಕೃಷಿಯವರಾದ ನಮಗೆ ಹೆಚ್ಚು ಹತ್ತಿರ. ಕೈ ಕತ್ತರಿಸಿಕೊಂಡ ಮಗುವನ್ನು, ಹೆಂಗಸನ್ನು ಅಜಾಗರೂಕರೆಂದು ಜರೆಯುವ ಬದಲು ಅವರ ತಂಡ ಯಂತ್ರವನ್ನೇ ತಿದ್ದಿತು. ಒಕ್ಕಣೆ ಯಂತ್ರದ ಬಾಯಿಯ ತೊಟ್ಟಿಯನ್ನು ಉದ್ದ ಮಾಡಿ ಮೇಲೆ ಮುಚ್ಚಿದರೆ ಎಂಥ ಆಯಾಸದ ಆಳಿನ ಕೈಯೂ ಒಳಗೆ ಹೋಗುವುದಿಲ್ಲ. 1983ರಲ್ಲಿ ಇಂಥ ಯಂತ್ರಗಳಿಗಾಗಿಯೇ ಸಂಸತ್ತು ಒಂದು ಕಾಯಿದೆಯನ್ನೂ ಮಾಡಿತು. ದಣಿದವನು ತಪ್ಪುತ್ತಾನೆ, ಮಗು ಓಡುತ್ತದೆ, ಮುದುಕನಿಗೆ ಕಿವಿ ಕೇಳಿಸದು. ಇದನ್ನು ಮೊದಲೇ ಒಪ್ಪಿಕೊಂಡು ರಸ್ತೆ ಕಟ್ಟಬೇಕೆಂಬುದೇ 1997ರಲ್ಲಿ ಸ್ವೀಡನ್ನಿನ ಸಂಸತ್ತು ಅಂಗೀಕರಿಸಿದ ‘ಶೂನ್ಯ ಸಾವು’ ನೀತಿಯ ತಿರುಳು.

ವೇಗದಲ್ಲಿರುವ ಶಕ್ತಿಯೆಂದರೇನೆಂದು ಶಾಲೆಯ ಮಕ್ಕಳಿಗೆ ವಿವರಿಸಲು ತೆಂಗಿನ ಮರಕ್ಕಿಂತ ಉತ್ತಮ ಸಾಧನ ಬೇಕಿಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಿ ಗಟ್ಟಿ ವಸ್ತುವಿಗೆ ಬಡಿಯುವುದು ಸುಮಾರು 20 ಅಡಿ ಎತ್ತರದಿಂದ ಬಿದ್ದುದಕ್ಕೆ ಸಮ. 60 ಕಿ.ಮೀ. ಆದರೆ 46 ಅಡಿ. ಅಂದರೆ ಫಲ ಕಟ್ಟಿದ ಒಳ್ಳೆಯ ಮರವೊಂದರ ಸುಳಿಯಿಂದ. 80 ಕಿ.ಮೀ. ಆದರೆ 82 ಅಡಿ, ಅಷ್ಟೆತ್ತರದ ಮರ ನಮ್ಮ ತೋಟಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ ಎಂಬ ಸೂತ್ರ ಇದೇ. ರಸ್ತೆಯಲ್ಲಿ ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಸಾವಿನ ಅಪಘಾತದ ಸಂಭವ ನೂರಕ್ಕೆ ನಾಲ್ಕರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮರ ಹತ್ತಿ ಕಾಯಿ ಕೆಡಹುವವನು ಒಂದು ಕೈ ಬಿಟ್ಟು ಮೊಬೈಲಿನಲ್ಲಿ ಮಾತನಾಡುವುದನ್ನು ಯಾರಾದರೂ ಕಂಡಿದ್ದೀರಾ? ಮರದ ಎತ್ತರ ಅವನ ಕಣ್ಣಿಗೆ ಕಾಣುತ್ತದೆ. ಬೈಕಿನ ಮೇಲೆ ಕುಳಿತವನಿಗೆ ತಾನಿರುವ ಎತ್ತರ ಕಾಣುವುದಿಲ್ಲ.

ಹೆಲ್ಮೆಟ್ಟಿನ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ವಾದಕ್ಕೆ ಎಡೆಯಿಲ್ಲ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಜನ ಹಿಂದೆ ಕುಳಿತವರು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಅದು ಕಡ್ಡಾಯ. ಆದರೂ ಹಳ್ಳಿಯಲ್ಲಿ ಹೆಲ್ಮೆಟ್ ಎಂದರೆ ಪೇಟೆಯ ಪೊಲೀಸರಿಗೆ ತೋರಿಸುವ ರಸೀದಿಯಂತಾಗಿದೆ. ಊರಿನ ಗೇಟಿನಲ್ಲಿ ತೆಗೆದು ಕನ್ನಡಿಗೆ ನೇತುಹಾಕುತ್ತಾರೆ. ಅರ್ಧ ತಲೆ ಮುಚ್ಚುವ ಟೋಪಿಯಂಥವನ್ನು ರಸ್ತೆಬದಿಯಲ್ಲಿ ಕೊಂಡು ಕಾನೂನಿಗೆ ಕಣ್ಣುಕಟ್ಟುವುದೂ ಇದೆ. ತಲೆಗೆ ತೀವ್ರ ಪೆಟ್ಟಾದವನನ್ನು ತಿಪಟೂರಿನಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಒಯ್ಯಬೇಕಾದರೆ 140 ಕಿ.ಮೀ.ಗೂ ಮಿಕ್ಕಿದ ದಾರಿ. ಆ ದೂರವನ್ನು ನೆನೆದಾದರೂ ಕೊಂಡಿ ಬಿಗಿಯಬೇಕು. ಹದಿನಾರರ ಹುಡುಗನಿಗೆ ಬೈಕಿನ ಕೀಲಿ ಕೊಡುವ ತಂದೆಗೆ 2019ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ದಂಡ ಹಾಗೂ ಮೂರು ವರ್ಷದವರೆಗೆ ಸೆರೆವಾಸ ಆಗಬಹುದೆಂಬುದು ಎಷ್ಟು ಮನೆಗಳಿಗೆ ತಿಳಿದಿದೆಯೋ.

ಗೇಟು ಎಂದೆನಲ್ಲ, ಅದರ ಬಗೆಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹೆದ್ದಾರಿಯಿಂದ ಊರಿಗೆ ಒಳದಾರಿ ಕವಲೊಡೆಯುವ ಜಾಗಕ್ಕೆ ನಮ್ಮಲ್ಲಿ ಗೇಟು ಎನ್ನುತ್ತಾರೆ. ಅಲ್ಲಿ ಗೇಟೂ ಇರುವುದಿಲ್ಲ, ಕಾವಲೂ ಇರುವುದಿಲ್ಲ. ಒಂದು ಟೀ ಅಂಗಡಿ, ಒಂದು ಅರಳಿಕಟ್ಟೆ ಅಥವಾ ಶಾಸಕರ ಹೆಸರು ಬರೆದ ತಂಗುದಾಣ, ಎಳನೀರಿನ ರಾಶಿ, ಬೈಕು ನಿಲ್ಲಿಸಿ ಬಸ್ಸಿಗೆ ಕಾಯುವ ವಿದ್ಯಾರ್ಥಿಗಳು. ಬೆಳಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರಿಂದ ಏಳು ಅಲ್ಲಿ ಜನ ಸೇರಿರುತ್ತಾರೆ. ಬಸ್ಸು ನಿಲ್ಲಲು ಪ್ರತ್ಯೇಕ ಜಾಗವಿಲ್ಲದ್ದರಿಂದ ಅದು ರಸ್ತೆಯ ಮೇಲೆಯೇ ನಿಲ್ಲುತ್ತದೆ. ಇಳಿದ ಹುಡುಗಿ ಬಸ್ಸಿನ ಮುಂದಿನಿಂದ ರಸ್ತೆ ದಾಟುತ್ತಾಳೆ. ಬಸ್ಸನ್ನು ಹಿಂದಿಕ್ಕಿ ಬರುವ ಕಾರಿಗೆ ಅವಳು ಕಾಣುವುದು ಕೊನೆಯ ಗಳಿಗೆಯಲ್ಲಿ. ಒಳದಾರಿಯಿಂದ ಏರಿ ಬರುವ ಬೈಕಿಗೆ ಎಡಬಲ ನೋಡಲು ಬೇಲಿಯ ಕತ್ತಾಳೆ, ಲಂಟಾನ, ಜಾಹೀರಾತಿನ ಫಲಕಗಳು ಅಡ್ಡ. ಇದರಲ್ಲಿ ಯಾವುದಕ್ಕೂ ಕೋಟಿ ರೂಪಾಯಿಯ ಮೇಲ್ಸೇತುವೆ ಬೇಕಿಲ್ಲ. ಗೇಟಿನ ಎರಡೂ ಬದಿ ನೂರಿನ್ನೂರು ಅಡಿ ಪೊದೆ ಸವರಿ, ಬಸ್ಸಿಗೆ ಪಕ್ಕದಲ್ಲೊಂದು ತಾಣ ಮಾಡಿ, ಒಂದು ದೀಪ ಹಾಕಿ, ಊರು ಬರುವುದಕ್ಕೆ ಸಾಕಷ್ಟು ಮುಂಚೆ ಎಚ್ಚರಿಕೆಯ ಗೆರೆಗಳನ್ನೆಳೆದು ವೇಗ ಇಳಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಬಣ್ಣವಿಲ್ಲದ, ಫಲಕವಿಲ್ಲದ, ಊರಿನವರೇ ರಾತ್ರೋರಾತ್ರಿ ಮಣ್ಣು ಸುರಿದು ಮಾಡಿದ ಉಬ್ಬು ಮಾತ್ರ ಬೇಡ. ಕೋಪದಿಂದ ಮಾಡಿದ ಆ ಉಬ್ಬಿನಲ್ಲಿ ಮೊದಲು ಬೀಳುವವನು ಅದೇ ಊರಿನ ಬೈಕಿನವನು.

ಸರ್ಕಾರದ ಬಳಿ ಇಂಥ ಜಾಗಗಳಿಗೆ ‘ಕಪ್ಪು ಚುಕ್ಕೆ’ ಎಂಬ ಹೆಸರಿದೆ. ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳಾಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಆಗ ಅದು ಕಪ್ಪು ಚುಕ್ಕೆಯ ಪಟ್ಟಿಗೆ ಸೇರಲು ಅರ್ಹ. ಕೀಟಶಾಸ್ತ್ರದಲ್ಲಿ ಆರ್ಥಿಕ ಹಾನಿಯ ಮಟ್ಟವೆಂಬುದೊಂದಿದೆ. ಕಪ್ಪುತಲೆ ಹುಳು ಇಂತಿಷ್ಟು ಕಾಣಿಸಿಕೊಳ್ಳುವವರೆಗೆ ಔಷಧ ಹೊಡೆಯಬೇಡಿ, ಖರ್ಚು ಗಿಟ್ಟುವುದಿಲ್ಲ ಎಂದು ನಾವೇ ರೈತರಿಗೆ ಹೇಳುತ್ತೇವೆ. ಹುಳುವಿನ ವಿಷಯದಲ್ಲಿ ಅದು ಸರಿಯಾದ ಮಾತು. ಮನುಷ್ಯರ ವಿಷಯದಲ್ಲಿ ಹತ್ತು ಹೆಣ ಎಣಿಸುವವರೆಗೆ ಕಾಯುವ ಲೆಕ್ಕವನ್ನು ಯಾವ ಶಾಸ್ತ್ರದಿಂದ ತಂದರೋ ತಿಳಿಯದು. ಗೇಟಿನ ಟೀ ಅಂಗಡಿಯವನನ್ನು ಕೇಳಿದರೆ ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿಗಳು ವಾರಕ್ಕೆಷ್ಟೆಂದು ಹೇಳಿಯಾನು. ಆ ಲೆಕ್ಕದ ಮೇಲೆಯೇ ರಸ್ತೆ ತಿದ್ದಬಹುದು. ರಸ್ತೆಯ ವಿನ್ಯಾಸದಲ್ಲಿ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುವ 198ಎ ಎಂಬ ಕಲಮೂ 2019ರ ತಿದ್ದುಪಡಿಯಲ್ಲಿ ಬಂದಿದೆ. ಚಾಲಕನ ಮೇಲೆ ಹಾಕುವ ಕಲಮುಗಳ ನಡುವೆ ಇದನ್ನು ನೆನೆಯುವವರು ವಿರಳ.

ನಿಂತ ಲಾರಿಗಳೂ ಕೊಲ್ಲುತ್ತವೆ. 2023ರ ಅಕ್ಟೋಬರ್ 26ರಂದು ಚಿಕ್ಕಬಳ್ಳಾಪುರದ ಬಳಿ ಮಂಜಿನ ಮುಂಜಾವಿನಲ್ಲಿ ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೋ ಬಡಿದು 13 ಜನ ಸತ್ತರು. 2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ನಿಂತ ಲಾರಿಗೆ ಟೆಂಪೊ ಟ್ರಾವೆಲರ್ ಬಡಿದು ದೇವರ ದರ್ಶನ ಮುಗಿಸಿ ಬರುತ್ತಿದ್ದ ಭದ್ರಾವತಿ ಕಡೆಯ 13 ಜನ ಸತ್ತರು. ನಮಗೆ ಇನ್ನೂ ಹತ್ತಿರದ್ದು 2022ರ ಅಕ್ಟೋಬರಿನಲ್ಲಿ ಅರಸೀಕೆರೆ ತಾಲ್ಲೂಕಿನ ಬಾಣಾವರದ ಬಳಿ ಬಸ್ಸಿಗೂ ಹಾಲಿನ ಲಾರಿಗೂ ನಡುವೆ ಸಿಕ್ಕಿ ಟೆಂಪೊದಲ್ಲಿದ್ದ 9 ಜನ, ಅವರಲ್ಲಿ ಮಕ್ಕಳು ನಾಲ್ವರು, ಸತ್ತ ಘಟನೆ. ಅದೇ ವರ್ಷದ ಆಗಸ್ಟ್ 25ರಂದು ಶಿರಾ ಬಳಿ ರಾಯಚೂರು ಕಡೆಯಿಂದ ಕೂಲಿಗೆಂದು ಬೆಂಗಳೂರಿಗೆ ಹೊರಟಿದ್ದ 9 ಜನ ಲಾರಿ ಡಿಕ್ಕಿಯಲ್ಲಿ ಹೋದರು. ದೂರದ ಊರಿನವರನ್ನು ದೂಷಿಸುವ ಮೊದಲು ನಮ್ಮದೇ ಕೊಬ್ಬರಿ ಸೀಮೆಯ ಟ್ರೇಲರುಗಳನ್ನು ನೋಡೋಣ. ಹರಾಜಿನ ಹಿಂದಿನ ರಾತ್ರಿ ಮೂಟೆ ಹೇರಿಕೊಂಡು, ಅಥವಾ ನಾರಿನ ಕಾರ್ಖಾನೆಗೆ ಮಟ್ಟೆಯನ್ನು ಟ್ರೇಲರಿನ ಅಗಲಕ್ಕಿಂತ ಎರಡು ಮೊಳ ಆಚೆಗೆ ಚಾಚಿ ತುಂಬಿಕೊಂಡು ಹೋಗುವ ಟ್ರ್ಯಾಕ್ಟರಿಗೆ ಹಿಂಬದಿಯಲ್ಲಿ ಒಂದು ಕೆಂಪು ಬೆಳಕೂ ಇರುವುದಿಲ್ಲ. ಕತ್ತಲಲ್ಲಿ ಅದು ಚಲಿಸುವ ಗೋಡೆ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸಲು ತಗಲುವುದು ಕೆಲವು ನೂರು ರೂಪಾಯಿ. ಆಯುಧಪೂಜೆಗೆ ಅದೇ ಟ್ರ್ಯಾಕ್ಟರಿಗೆ ಬಾಳೆಕಂಬ, ಹೂವಿನ ಹಾರಕ್ಕೆ ಅದಕ್ಕಿಂತ ಹೆಚ್ಚು ಸುರಿಯುತ್ತೇವೆ. ಪೂಜೆಯ ಬೂದುಗುಂಬಳವನ್ನು ನಡುರಸ್ತೆಯಲ್ಲಿ ಒಡೆದು ಜಾರುಬಂಡೆ ಮಾಡುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಾಹನಕ್ಕೆ ದೃಷ್ಟಿ ತಾಗಬಾರದೆಂದು ಒಡೆದ ಕಾಯಿಯ ಮೇಲೆ ಇನ್ನೊಬ್ಬನ ವಾಹನ ಬೀಳಬಾರದು.

ಇನ್ನು ನನ್ನ ವೃತ್ತಿಗೆ ನೇರವಾಗಿ ಸೇರಿದ ವಿಷಯ, ರಸ್ತೆಯ ಮೇಲಿನ ಒಕ್ಕಣೆ. ನವೆಂಬರಿನಿಂದ ಜನವರಿಯವರೆಗೆ ನಮ್ಮ ಮೂರೂ ತಾಲ್ಲೂಕುಗಳ ಒಳರಸ್ತೆಗಳು, ಎಷ್ಟೋ ಕಡೆ ಹೆದ್ದಾರಿಯ ಅಂಚೂ ಕಣವಾಗಿ ಮಾರ್ಪಡುತ್ತವೆ. ರಾಗಿ ತೆನೆ, ಹುರುಳಿ, ಅವರೆ, ತೊಗರಿ ಎಲ್ಲವನ್ನೂ ಡಾಂಬರಿನ ಮೇಲೆ ಹರಡಿ, ಓಡಾಡುವ ವಾಹನಗಳ ಗಾಲಿಯಿಂದ ಪುಕ್ಕಟೆ ಒಕ್ಕಣೆ ಮಾಡಿಸಿಕೊಳ್ಳುತ್ತೇವೆ. ಕಾಳನ್ನು ಕಾಯಲು ಎರಡೂ ಕಡೆ ಕಲ್ಲುಗಳನ್ನಿಟ್ಟು, ಸಂಜೆ ರಾಶಿ ತೆಗೆದ ಮೇಲೆ ಕಲ್ಲುಗಳನ್ನು ಅಲ್ಲೇ ಬಿಟ್ಟು ಹೋಗುತ್ತೇವೆ. ಹುಲ್ಲಿನ ಮೇಲೆ ಬ್ರೇಕು ಹಾಕಿದ ಬೈಕು ಜಾರುತ್ತದೆ. ರಾತ್ರಿ ಬಂದವನು ಕಲ್ಲಿಗೆ ಬಡಿಯುತ್ತಾನೆ. ಹುರುಳಿಯ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಬಿಸಿಗೆ ಹೊತ್ತಿ, ಕಾರೇ ಸುಟ್ಟುಹೋದ ಪ್ರಸಂಗಗಳು ರಾಜ್ಯದ ಹಲವೆಡೆ ವರದಿಯಾಗಿವೆ.

ರೈತನನ್ನು ಗದರಿಸಿದರೆ ಇದು ನಿಲ್ಲದು. ಕಣ ಏಕೆ ಕಾಣೆಯಾಯಿತೆಂದು ಕೇಳಬೇಕು. ಅಣ್ಣತಮ್ಮಂದಿರು ಪಾಲಾದಾಗ ಊರ ಹೊರಗಿನ ಕಣಗಳು ತುಂಡುತುಂಡಾಗಿ, ಕೆಲವು ಮನೆಯ ನಿವೇಶನಗಳಾದವು, ಕೆಲವಕ್ಕೆ ತೆಂಗು, ಅಡಿಕೆ ಇಟ್ಟರು. ಗೋಮಾಳ ಒತ್ತುವರಿಯಾಯಿತು. ಸಗಣಿ ಸಾರಿಸಿ, ನೀರು ಚಿಮುಕಿಸಿ, ರೋಣಗಲ್ಲು ಎಳೆದು ಕಣ ಗಟ್ಟಿ ಮಾಡುವುದಕ್ಕೆ ಎತ್ತೂ ಇಲ್ಲ, ಆಳೂ ಇಲ್ಲ. ಮನೆಯಲ್ಲಿ ಉಳಿದವರು ಅರವತ್ತು ದಾಟಿದ ಗಂಡಹೆಂಡಿರು. ಅವರಿಗೆ ಸರ್ಕಾರ ಮನೆಯ ಮುಂದೆಯೇ ಹಾಸಿಕೊಟ್ಟ ಗಟ್ಟಿ ನೆಲವೆಂದರೆ ರಸ್ತೆಯೊಂದೇ. ಈ ಕಷ್ಟವನ್ನು ಒಪ್ಪಿಕೊಂಡೇ ಹೇಳಬೇಕಾದ ಮಾತೆಂದರೆ, ರಸ್ತೆಯ ಒಕ್ಕಣೆ ಬೆಳೆಗೂ ಒಳ್ಳೆಯದಲ್ಲ. ಕಾಳು ಒಡೆಯುತ್ತದೆ, ಜಲ್ಲಿಯ ಪುಡಿ, ಡಾಂಬರು, ರಬ್ಬರಿನ ಚೂರು, ಎಣ್ಣೆ ರಾಗಿಯೊಳಗೆ ಸೇರುತ್ತವೆ. ರಾಗಿಯಂಥ ಸಣ್ಣ ಧಾನ್ಯದಿಂದ ಸಣ್ಣ ಹರಳನ್ನು ಬೇರ್ಪಡಿಸುವ ಜರಡಿ ಯಾವುದೂ ಇಲ್ಲ. ಕೊನೆಗೆ ಅದು ಮುದ್ದೆಯಲ್ಲಿ ನಮ್ಮ ಹಲ್ಲಿಗೇ ಸಿಗುತ್ತದೆ. ಗಾಲಿಗೆ ಸಿಡಿದು ಚರಂಡಿ ಸೇರುವ ಕಾಳಿನ ಲೆಕ್ಕ ಬೇರೆ. ಉದ್ಯೋಗ ಖಾತ್ರಿಯ ಹಣದಲ್ಲಿ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಕೊಂಡ ಪಂಚಾಯಿತಿಗಳು ರಾಜ್ಯದಲ್ಲಿವೆ. 2014–15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳ ಮಾದರಿಯಲ್ಲಿ ಒಕ್ಕಣೆ ಯಂತ್ರವನ್ನು ಊರಿನ ಸರದಿಗೆ ತರಿಸಿಕೊಳ್ಳಬಹುದು. ಇಪ್ಪತ್ತು ಮನೆಗೆ ಒಂದು ಕಣ, ಒಂದು ಸುಗ್ಗಿಗೆ ಒಂದು ಸರದಿ ಪಟ್ಟಿ. ಇದು ಪೊಲೀಸರ ಕೆಲಸವಲ್ಲ, ಊರಿನ ಹಿರಿಯರ ಕೆಲಸ.

ಪರಿಸರದ ಪತ್ರಿಕೆಯಲ್ಲಿ ಮರಗಳ ಮಾತು ಬಾರದೆ ಇರುವುದಿಲ್ಲ. ರಸ್ತೆ ಅಗಲ ಮಾಡುವಾಗಲೆಲ್ಲ ಹೇಳುವ ಕಾರಣ ಸುರಕ್ಷತೆ. ಮೊದಲು ಬೀಳುವುದು ಹುಣಸೆ, ಆಲ, ಹಿಪ್ಪೆ, ಹೊಂಗೆಗಳ ಸಾಲು. ಈ ವಿಷಯದಲ್ಲಿ ನಮ್ಮವರಲ್ಲಿ ಕೆಲವರಿಗೆ ಹಿಡಿಸದ ಮಾತೊಂದನ್ನು ಆಡಬೇಕಾಗಿದೆ. ಡಾಂಬರಿನ ಅಂಚಿಗೇ ಅಂಟಿಕೊಂಡ ದಪ್ಪ ಕಾಂಡ, ನೂರು ಕಿ.ಮೀ. ವೇಗದ ರಸ್ತೆಯಲ್ಲಿ ನಿಜವಾಗಿಯೂ ಅಪಾಯಕಾರಿ. ಅದನ್ನು ಅಲ್ಲಗಳೆದು ವಾದ ಕಟ್ಟಿದರೆ ವಾದ ನಿಲ್ಲುವುದಿಲ್ಲ. ಪ್ರಶ್ನೆಯಿರುವುದು ಬೇರೆಡೆ: ಊರುಗಳ ನಡುವೆ ಹಾಯುವ ರಸ್ತೆಗೆ ನೂರು ಕಿ.ಮೀ. ವೇಗ ಬೇಕೆಂದು ನಿರ್ಧರಿಸಿದವರು ಯಾರು? ಮರ ಕಡಿದು ಅಗಲಿಸಿದ ರಸ್ತೆಯಲ್ಲಿ ವೇಗ ಏರುತ್ತದೆ, ಏರಿದ ವೇಗಕ್ಕೆ ಸಿಗುವವನು ಮರವಿಲ್ಲದಿದ್ದರೆ ದಾಟುವ ಮನುಷ್ಯ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ನಡುವೆ ನೆಟ್ಟು ಬೆಳೆಸಿದ ಆಲದ ಸಾಲಿಗೆ 2019ರಲ್ಲಿ ರಸ್ತೆ ವಿಸ್ತರಣೆಯ ಕುತ್ತು ಬಂದಾಗ, ಅವುಗಳನ್ನು ಉಳಿಸುವಂತೆ ಸರ್ಕಾರವೇ ಸೂಚಿಸಬೇಕಾಯಿತು. ಎಲ್ಲ ಸಾಲಿಗೂ ಒಬ್ಬ ತಿಮ್ಮಕ್ಕನ ಹೆಸರಿರುವುದಿಲ್ಲ. ಹಳೆಯ ಸಾಲಿನ ಆಚೆಗೆ ಸೇವಾರಸ್ತೆ ಮಾಡಿ, ಮರಗಳನ್ನು ನಡುವೆ ಉಳಿಸಿ, ಕಾಂಡಕ್ಕೆ ಹೊಳೆಯುವ ಪಟ್ಟಿ ಬಳಿದು, ತಿರುವುಗಳಲ್ಲಿ ತಡೆಕಂಬಿ ಹಾಕುವ ವಿನ್ಯಾಸ ಅಸಾಧ್ಯವಲ್ಲ. ನಾಲ್ಕು ಪಥದ ರಸ್ತೆ ಬಂದಾಗ ಹಳ್ಳಿಯವರು ಕೇಳಬೇಕಾದುದು ಪರಿಹಾರದ ಮೊತ್ತವನ್ನಷ್ಟೇ ಅಲ್ಲ, ದನ, ಟ್ರ್ಯಾಕ್ಟರು, ಮಕ್ಕಳು ದಾಟುವ ಕೆಳದಾರಿ ಎಲ್ಲಿ ಎಂಬುದನ್ನೂ. ಕೆಳದಾರಿಗಾಗಿ ಎರಡು ಮೈಲಿ ಸುತ್ತಬೇಕಾದರೆ ಯಾರೂ ಸುತ್ತುವುದಿಲ್ಲ. ನಡುವಿನ ತಡೆಗೋಡೆ ಒಡೆದು ದಾಟುತ್ತಾರೆ, ಎದುರು ದಿಕ್ಕಿನಲ್ಲಿ ಬೈಕು ಓಡಿಸುತ್ತಾರೆ. ಅದನ್ನು ಅಶಿಸ್ತು ಎನ್ನುವ ಮೊದಲು ನಕ್ಷೆ ಬರೆದವರು ಒಮ್ಮೆ ಹಾಲಿನ ಕ್ಯಾನು ಹಿಡಿದು ನಡೆದು ನೋಡಲಿ.

ಗಣಿ ಲಾರಿಗಳ ಕಾಲವನ್ನು ಚಿಕ್ಕನಾಯಕನಹಳ್ಳಿಯ ಗುಡ್ಡದ ಕೆಳಗಿನ ಊರುಗಳು ಮರೆತಿಲ್ಲ. ಅದಿರಿನ ಬೆಲೆ ಏರಿದ ಆ ವರ್ಷಗಳಲ್ಲಿ ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವ ಚಾಲಕರು, ಮಿತಿ ಮೀರಿ ತುಂಬಿದ ಲಾರಿಗಳು, ತೋಟಗಳ ಮೇಲೆ ಕೆಂಪು ಧೂಳು, ಕಿತ್ತುಹೋದ ರಸ್ತೆ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಗೆ ಸರ್ವೋಚ್ಚ ನ್ಯಾಯಾಲಯ 2011ರ ಆಗಸ್ಟ್ 26ರಂದು ತಡೆ ನೀಡಿದಾಗ ಗುಡ್ಡಗಳಷ್ಟೇ ಅಲ್ಲ, ರಸ್ತೆಗಳೂ ಉಸಿರಾಡಿದವು. ಟ್ರಿಪ್ಪಿಗಿಷ್ಟು ಎಂಬ ಕೂಲಿಯ ಪದ್ಧತಿ ಇರುವವರೆಗೆ ಚಾಲಕನಿಗೆ ನಿಧಾನವಾಗಿ ಹೋಗೆಂದು ಬೋಧಿಸುವುದು ವ್ಯರ್ಥ. ಈಗ ಮರಳು, ಜಲ್ಲಿ ಸಾಗಿಸುವ ಟಿಪ್ಪರುಗಳಿಗೂ ಇದೇ ಮಾತು ಸಲ್ಲುತ್ತದೆ.

ಬಸ್ಸಿನ ಬಗೆಗೆ ವಿದ್ಯಾರ್ಥಿಗಳು ನನಗಿಂತ ಚೆನ್ನಾಗಿ ಬರೆಯಬಲ್ಲರು. ಸತ್ತವರ ಪೈಕಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, 19ಕ್ಕೂ ಹೆಚ್ಚು ಪಾದಚಾರಿಗಳು. ಕಾಲೇಜಿನ ಹೊತ್ತಿಗೆ ಬಸ್ಸಿಲ್ಲದ ಊರಿನ ಹುಡುಗ ಸಾಲ ಮಾಡಿ ಬೈಕು ಕೊಳ್ಳುತ್ತಾನೆ, ಮೂವರು ಹತ್ತುತ್ತಾರೆ. 2022ರ ಮಾರ್ಚ್‌ನಲ್ಲಿ ಪಾವಗಡದ ಬಳಿ ಖಾಸಗಿ ಬಸ್ಸು ಉರುಳಿ ವಿದ್ಯಾರ್ಥಿಗಳು ಸತ್ತಾಗ ಬಸ್ಸಿನ ಮೇಲ್ಛಾವಣಿಯಲ್ಲೂ ಜನರಿದ್ದರು. ಸರ್ಕಾರಿ ಬಸ್ಸು ಸಾಲದಾದಾಗ ಛಾವಣಿಯೇ ಆಸನವಾಗುತ್ತದೆ. ಬೆಳಗಿನ ಹೊತ್ತಿಗೆ ಒಂದು ಬಸ್ಸು ಹೆಚ್ಚು ಓಡಿಸುವುದು ಹತ್ತು ಜಾಗೃತಿ ಜಾಥಾಗಳಿಗಿಂತ ಹೆಚ್ಚು ಜೀವ ಉಳಿಸುವ ಕ್ರಮವೆಂದು ನಾನು ನಂಬಿದ್ದೇನೆ. ಹೊಗೆಯೂ ಕಡಿಮೆ.

ಅಪಘಾತವಾದ ಮೇಲಿನ ಒಂದು ಗಂಟೆಯ ಬಗೆಗೆ ನಮ್ಮ ಜಿಲ್ಲೆ ಇಡೀ ರಾಜ್ಯಕ್ಕೆ ಕಲಿಸಿದೆ. 2016ರ ಫೆಬ್ರವರಿ 16ರಂದು ಗುಬ್ಬಿ ತಾಲ್ಲೂಕಿನ ತರುಣ ಹರೀಶ್ ನಂಜಪ್ಪ ಪಂಚಾಯಿತಿ ಚುನಾವಣೆಯಲ್ಲಿ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಹಿಂದಿರುಗುತ್ತಿದ್ದಾಗ ನೆಲಮಂಗಲದ ಬಳಿ ಲಾರಿಗೆ ಸಿಕ್ಕು ದೇಹ ಎರಡಾಯಿತು. ಸುತ್ತ ನಿಂತವರು ಕೂಡಲೇ ನೆರವಿಗೆ ಬರಲಿಲ್ಲವೆಂಬ ವರದಿಗಳು ಆಗ ಎಲ್ಲರನ್ನೂ ಕಲಕಿದವು. ಆ ಸ್ಥಿತಿಯಲ್ಲೂ ಅವನು ತನ್ನ ಕಣ್ಣುಗಳನ್ನು ದಾನ ಮಾಡಿರೆಂದು ಕೇಳಿಕೊಂಡ. ಅವನ ಹೆಸರಿನಲ್ಲಿ ಅದೇ ಮಾರ್ಚ್ 8ರಂದು ರಾಜ್ಯ ಸರ್ಕಾರ ಸಾಂತ್ವನ ಯೋಜನೆಯನ್ನು ಆರಂಭಿಸಿ, ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ನೆರವು ಘೋಷಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಯೋಜನೆಯಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಗಾಯಾಳು ಹಣ ಕಟ್ಟಬೇಕಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಪೊಲೀಸರು ಸಾಕ್ಷಿಗೆಂದು ಅಲೆಸುವಂತಿಲ್ಲ. ಅವನು ಹೆಸರು ಹೇಳಲೇಬೇಕೆಂದೂ ಇಲ್ಲ. ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಎತ್ತಿಹಿಡಿದ ಈ ರಕ್ಷಣೆ ಈಗ ಮೋಟಾರು ವಾಹನ ಕಾಯಿದೆಯ 134ಎ ಕಲಮಿನಲ್ಲಿದೆ. ‘ಕೇಸು ತಲೆಗೆ ಬರುತ್ತದೆ’ ಎಂಬ ಭಯಕ್ಕೆ ಇನ್ನು ಆಧಾರವಿಲ್ಲ. 108ಕ್ಕೆ ಕರೆ ಮಾಡುವಾಗ ಯಾವ ಗೇಟು, ಯಾವ ಕಡೆ ಎಂದು ಸ್ಪಷ್ಟವಾಗಿ ಹೇಳುವುದನ್ನು ಪ್ರತಿ ಊರಿನ ಹುಡುಗರಿಗೆ ಕಲಿಸಬೇಕು. ಕುತ್ತಿಗೆ ತಿರುಚದಂತೆ ಎತ್ತುವುದನ್ನು, ರಕ್ತ ಸೋರುವೆಡೆ ಬಟ್ಟೆಯೊತ್ತಿ ಹಿಡಿಯುವುದನ್ನು ಗೇಟಿನ ಅಂಗಡಿಯವರಿಗೆ, ಆಟೋದವರಿಗೆ ಮೊದಲು ಕಲಿಸಬೇಕು, ಅಲ್ಲಿಗೆ ಮೊದಲು ತಲುಪುವವರು ಅವರೇ.

ಹೊಡೆದು ಓಡಿಹೋದ ವಾಹನದ ಗುರುತು ಸಿಗದೆ ಹೋದರೆ ಏನೂ ಸಿಗದೆಂದು ಎಷ್ಟೋ ಮನೆಯವರು ಸುಮ್ಮನಾಗುತ್ತಾರೆ. 2022ರ ಏಪ್ರಿಲ್ 1ರಿಂದ ಅಂಥ ಪ್ರಕರಣದಲ್ಲಿ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಅರ್ಜಿಯನ್ನು ಕೊಡಬೇಕಾದುದು ಕಂದಾಯ ಉಪವಿಭಾಗದ ಅಧಿಕಾರಿಗೆ ಅಥವಾ ತಹಶೀಲ್ದಾರರಿಗೆ. ನಮ್ಮ ಮೂರೂ ತಾಲ್ಲೂಕುಗಳಿಗೆ ಉಪವಿಭಾಗ ಕಚೇರಿ ತಿಪಟೂರಿನಲ್ಲಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯೂ ಇದೆ. ಅದಕ್ಕೆ ಬರೆಯುವ ಪತ್ರದಲ್ಲಿ ‘ಕ್ರಮ ಕೈಗೊಳ್ಳಿ’ ಎಂದಷ್ಟೇ ಬರೆದರೆ ಪ್ರಯೋಜನವಾಗದು. ಈ ಕಿಲೋಮೀಟರ್ ಕಲ್ಲಿನ ಬಳಿ, ಈ ಗೇಟಿನಲ್ಲಿ, ಮೂರು ವರ್ಷದಲ್ಲಿ ಇಷ್ಟು ಡಿಕ್ಕಿ, ಇಂಥ ಹೊತ್ತಿನಲ್ಲಿ, ಕಾರಣ ಇದು, ಬೇಕಾದುದು ಇದು ಎಂದು ಬರೆಯಬೇಕು. ಆ ಪಟ್ಟಿ ಮಾಡುವ ಕೆಲಸವನ್ನು ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಹುಡುಗರು ಒಂದು ವಾರದ ಶಿಬಿರದಲ್ಲಿ ಮುಗಿಸಬಲ್ಲರು. ರಾಗಿ ಕೊಯ್ಲಿಗೆ ಮುಂಚಿನ ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಓದಿಸಿ, ಕಣದ ಬೇಡಿಕೆಯನ್ನೂ ಟ್ರೇಲರಿನ ಪಟ್ಟಿಯ ವಿಷಯವನ್ನೂ ಅದೇ ದಿನದ ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಸಹಿಯೊಡನೆ ತೆಗೆದುಕೊಳ್ಳಿ.